ಬಾವುಟ ಇಳಿದ ಮೇಲಿನ ಹನ್ನೊಂದು ಸೆಕೆಂಡು

"ನಾನು ನಿಮ್ಮ ಬಾವುಟದ ಕಂಬ ಮುಟ್ಟಿದೆ. ಆದ್ರೂ ಲೆವೆಲ್ ಮುಗೀಲಿಲ್ಲ!"

ಅವನು ತಲೆ ಎತ್ತಿದ. ಎರಡು ತಿಂಗಳಿಂದ ಅವನು ಮಾಡಿದ ಗೇಮ್ ಲೆವೆಲ್‌ಗಳಲ್ಲಿ ತಪ್ಪು ಹುಡುಕಿ ಬರೆದು ಕಳಿಸುತ್ತಿದ್ದ ಟೆಸ್ಟರ್ ಎದುರಿಗೆ ನಿಂತಿದ್ದಳು. ಮುಖಾಮುಖಿ ಮಾತಾಡಿದ್ದು ಇದೇ ಮೊದಲು.

"ಯಾವ ಕಡೆಯಿಂದ ಮುಟ್ಟಿದ್ರಿ?"

"ಮೇಲಿಂದ ಬಿದ್ದೆ."

"ಮೇಲಿಂದ ಯಾರ್ರೀ ಬೀಳ್ತಾರೆ?"

"ನಾನು! ಬೆಳಗ್ಗೆಯಿಂದ ನಲವತ್ತು ಸಲ ಬಿದ್ದಿದ್ದೀನಿ!"

ಅವನಿಗೆ ನಗು ಬಂತು. ಅವಳಿಗೆ ಬರಲಿಲ್ಲ. ಆದರೆ ಆ ನಗುವಿನಲ್ಲಿ ಕುಹಕವಿಲ್ಲ ಎಂಬುದನ್ನು ಅವಳ ಮನಸ್ಸು ಗುರುತು ಹಾಕಿಕೊಂಡಿತು...

ಅವರ ಕಂಪನಿ ಮಾಡುತ್ತಿದ್ದುದು ಓಡಿ, ಹಾರಿ ಮುಂದೆ ಸಾಗುವ ವಿಡಿಯೋ ಗೇಮ್. ಟೋಪಿ ಹಾಕಿದ ಇಲಿಯೊಂದು ಹಳ್ಳ ದಾಟಿ, ಮುಳ್ಳು ತಪ್ಪಿಸಿ, ಕೊನೆಯಲ್ಲಿರುವ ಕಂಬವನ್ನು ಮುಟ್ಟಬೇಕು. ಮುಟ್ಟಿದರೆ ಬಾವುಟ ಇಳಿಯುತ್ತದೆ. ಆಮೇಲೆ ಆಡುವವರ ಗುಂಡಿಗಳು ಕೆಲಸ ಮಾಡುವುದಿಲ್ಲ. ಇಲಿ ತಾನಾಗಿಯೇ ನಡೆದು ಗುಡಿಸಲು ಸೇರುತ್ತದೆ.

ಆ ಕೊನೆಯ ತುಣುಕಷ್ಟೇ ಅವಳ ಕೆಲಸ. ನೆಲದಿಂದ ಮುಟ್ಟು, ಹಾರಿ ಮುಟ್ಟು, ಹಿಂದಿನಿಂದ ಮುಟ್ಟು, ಸಾಯುತ್ತ ಮುಟ್ಟು. ನಿಮಿಷಕ್ಕೊಂದರಂತೆ ದಿನಕ್ಕೆ ನಾನೂರು ಸಲ. ಮಕ್ಕಳು ಕುಣಿದಾಡುವ ಗೆಲುವು ಅವಳಿಗೆ ಹಾಜರಿ ಹಾಕಿದ ಹಾಗೆ.

ಇಲಿ ಗುಡಿಸಲು ಸೇರಲು ಎರಡು ಸೆಕೆಂಡು. ಅವಳ ಕೈಗೆ ಬಿಡುವು ಸಿಗುತ್ತಿದ್ದುದು ಅಷ್ಟೇ.

ಮರುದಿನ ಅವನಿಂದ ಉತ್ತರ ಬಂತು: 'ಸರಿ ಮಾಡಿದ್ದೇನೆ. ಇನ್ನು ಮೇಲಿಂದ ಧಾರಾಳವಾಗಿ ಬೀಳಬಹುದು.'

ಅವಳು ಅದನ್ನು ಮೂರು ಸಲ ಓದಿದಳು. ಆಮೇಲೆ ಅವಳ ತಪ್ಪುಪಟ್ಟಿಗಳು ಸ್ವಲ್ಪ ಉದ್ದವಾದವು. ಅವನ ಉತ್ತರಗಳೂ.

ಆದರೆ ಬಲಗೈ ಮಣಿಕಟ್ಟು ನೋಯತೊಡಗಿತ್ತು.

"ಏನೇ ಇದು, ದಿನಾ ಬಾವುಟ ಬಾವುಟ ಅಂತೀಯ! ದಂಡೆತ್ತಿ ಹೋಗ್ತಿದ್ದೀಯಾ?" ಅಕ್ಕ ಅವಳ ಕೈಗೆ ಎಣ್ಣೆ ತಿಕ್ಕುತ್ತ ಗದರಿದಳು. "ಊದ್ಕೊಂಡಿದೆ ನೋಡು. ಆಫೀಸಲ್ಲಿ ಹೇಳು."

"ಕೆಲಸ ಖಾಯಂ ಆಗ್ಲಿ ಅಕ್ಕಾ. ಈಗ ಹೇಳಿದ್ರೆ ಕೈಗೆ ಬಿಡುವು ಕೊಡಲ್ಲ, ನನ್ನನ್ನೇ ಕೆಲಸದಿಂದ ಬಿಡಿಸ್ತಾರೆ."

ಖಾಯಂ ಆಗುವವರ ಪಟ್ಟಿ ಮೇಲಿನವರಿಗೆ ಹೋಗುವುದು ಶುಕ್ರವಾರ. ಅಲ್ಲಿಯವರೆಗೆ ದಿನದ ನಾನೂರು ತಪ್ಪಬಾರದು.

ಸೋಮವಾರ ಆಟದ ಹೊಸ ಪ್ರತಿ ಬಂತು. ಬಾವುಟ ಇಳಿಯಿತು. ಇಲಿ ನಡೆಯಿತು... ನಡೆಯುತ್ತಲೇ ಇತ್ತು! ಗುಡಿಸಲು ಸೇರಲು ಹನ್ನೊಂದು ಸೆಕೆಂಡು!

ಸಂಜೆ ಲೆಕ್ಕ ನೋಡಿದರೆ ಮುನ್ನೂರ ನಲವತ್ತೆಂಟು. ಮಂಗಳವಾರವೂ ಅಷ್ಟೇ. ಬುಧವಾರವೂ ಅಷ್ಟೇ.

"ಏನಾಯ್ತಮ್ಮಾ?" ತಂಡದ ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಮೂರು ದಿನದಿಂದ ನಿನ್ನ ಸಂಖ್ಯೆ ಬಿದ್ದಿದೆ. ಹೀಗಾದ್ರೆ ನಿನ್ನ ಹೆಸರು ಹೇಗೆ ಕಳಿಸ್ಲಿ?"

ಅವಳು ಬದಲಾವಣೆಗಳ ದಾಖಲೆ ತೆಗೆದು ನೋಡಿದಳು. ಇಲಿಯ ನಡಿಗೆ ನಿಧಾನ ಮಾಡಿದವರು: ಅವನು. ಕಾರಣದ ಜಾಗ ಖಾಲಿ.

*ತಪ್ಪು ತೋರಿಸಿದ್ದಕ್ಕೆ ಹಗೆ ತೀರಿಸ್ಕೊಂಡನಾ? ಆ ನಗು, ಆ ಉತ್ತರಗಳು... ಎಲ್ಲಾ ನಾಟಕವಾ?*

ಗುರುವಾರ ಮಧ್ಯಾಹ್ನ ಮೆಟ್ಟಿಲ ಬಳಿ ಅವನನ್ನು ತಡೆದಳು. ಕೂಗಾಡುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

"ನನ್ನ ಕೆಲಸ ಕಳೆದು ನಿಮಗೇನು ಸಿಗುತ್ತೆ?"

"ಕೆಲಸ?... ನಾನೇನು ಮಾಡಿದೆ?"

"ಹನ್ನೊಂದು ಸೆಕೆಂಡು ಯಾಕೆ?"

ಅವನು ತಡವರಿಸಿದ. "ನಿಮ್ಮ ಕೈಗೆ. ನನ್ನ ಸೀಟಿಂದ ಗಾಜಿನಾಚೆ ನೀವು ಕಾಣ್ತೀರಿ. ಪ್ರತಿ ಬಾವುಟ ಆದ್ಮೇಲೆ ಮಣಿಕಟ್ಟು ಒತ್ಕೋತೀರಿ. ಒತ್ತೋದು ಮುಗಿಯೋ ಮೊದಲೇ ಇಲಿ ಒಳಗೆ ಹೋಗಿರುತ್ತೆ. ಸ್ವಲ್ಪ ಹೊತ್ತು ಕೈ ಕೆಳಗಿಟ್ಟಿರ್ಲಿ ಅಂತ..."

ಅವಳು ಮಣಿಕಟ್ಟನ್ನು ಬೆನ್ನ ಹಿಂದೆ ಸರಿಸಿದಳು. ಕೋಪ ಮಾತ್ರ ಇಳಿಯಲಿಲ್ಲ.

"ದಿನಕ್ಕೆ ನಾನೂರು ಆಗ್ಬೇಕು ನನಗೆ. ಗೊತ್ತಿತ್ತಾ?"

"ಇಲ್ಲ."

"ಒಂದು ಮಾತು ಕೇಳ್ಬಾರದಿತ್ತಾ?"

"ಕೇಳಿದ್ರೆ ಬೇಡ ಅಂತಿದ್ರಿ."

"ಬೇಡ ಅನ್ನೋದೂ ನನಗೇ ಸೇರಿದ್ದಲ್ವಾ?"



ಶುಕ್ರವಾರ ಬೆಳಿಗ್ಗೆ ಅವನು ಮೇಡಂ ಕೋಣೆಯಿಂದ ಹೊರಬರುವುದನ್ನು ಕಂಡಳು. ಮುಖ ಬಾಡಿತ್ತು.

"ತಡ ಆಗಿದ್ದು ನನ್ನಿಂದ, ಅವರಿಂದಲ್ಲ ಅಂತ ಹೇಳ್ದೆ. ಕಾರಣ ಕೇಳಿದ್ರು. ಹೇಳ್ಲಿಲ್ಲ."

"ಮತ್ತೆ?"

"ಈ ಆಟದಿಂದ ನನ್ನ ತೆಗೀತಾರಂತೆ. ಹೋಗ್ಲಿ ಬಿಡಿ. ನಿಮ್ಮ ಹೆಸರು ಪಟ್ಟೀಲಿ ಇರುತ್ತೆ."

*ಸುಮ್ಮನಿದ್ದರೆ ಖಾಯಂ. ಬಾಯಿ ಬಿಟ್ಟರೆ...*

ಅವಳು ಬಾಗಿಲು ತಟ್ಟಿದಳು.

"ಮೇಡಂ, ಎರಡು ವಾರದಿಂದ ನನಗೆ ಕೈ ನೋವು. ನಾನು ಮುಚ್ಚಿಟ್ಟೆ. ಅವರು ನೋಡಿದ್ರು. ಮಾಡಿದ್ದು ಪೆದ್ದು ಕೆಲಸ, ಆದ್ರೆ ದ್ರೋಹ ಅಲ್ಲ."

ಮೇಡಂ ಅವಳ ಊದಿದ ಮಣಿಕಟ್ಟನ್ನು ಹಿಡಿದು ತಿರುಗಿಸಿ ನೋಡಿದರು.

"ಮೊದಲೇ ಹೇಳಿದ್ರೆ ಕೆಲಸ ಇಬ್ಬರಿಗೆ ಹಂಚ್ತಿದ್ದೆ. ಈಗ ಹಂಚ್ತೀನಿ. ಆದ್ರೆ ಈ ಪಟ್ಟೀಲಿ ಆಗಲ್ಲಮ್ಮಾ, ಮುಂದಿನದು ಮೂರು ತಿಂಗಳಿಗೆ. ಸೋಮವಾರದವರೆಗೆ ರಜೆ, ಡಾಕ್ಟರಿಗೆ ತೋರ್ಸು. ಆ ಮಹಾನುಭಾವನಿಗೆ ಹೇಳು, ಇಲ್ಲೇ ಇರ್ಲಿ. ಇಲಿ ಮಾತ್ರ ಬೇಗ ಮನೆ ಸೇರ್ಲಿ!"

ಇನ್ನೂ ಮೂರು ತಿಂಗಳು... ಅಳು ಬರಬೇಕಿತ್ತು. ಬದಲಿಗೆ ಬಂದದ್ದು ಬರೀ ಆಯಾಸ. ಭಾರದ ಚೀಲ ಕೊನೆಗೂ ಕೆಳಗಿಟ್ಟವರಿಗೆ ಆಗುವಂಥದು.

ಅವನು ಕಟ್ಟಡದ ಹೊರಗೆ ಕಾಯುತ್ತಿದ್ದ. ಅವಳು ನಡೆದುದನ್ನೆಲ್ಲ ಹೇಳಿದಳು.

"ನನ್ನಿಂದ ನಿಮ್ಮ ಖಾಯಂ ಹೋಯ್ತು," ಎಂದ ಅವನು, ತಲೆ ತಗ್ಗಿಸಿ.

"ಮುಂದೆ ಹೋಯ್ತು. ಅದೂ ನಾನೇ ಹೇಳಿದ್ದಕ್ಕೆ."

"ಕೋಪ ಹೋಯ್ತಾ?"

"ಅರ್ಧ ಇದೆ."

"ಆ ಅರ್ಧ ಇರೋವಾಗ್ಲೇ ಹೇಳ್ಬಿಡ್ತೀನಿ... ಗಾಜಿನಾಚೆ ನಾನು ನೋಡ್ತಿದ್ದಿದ್ದು ಬರೀ ಕೈ ಅಲ್ಲ. ನಿಮ್ಮನ್ನ. ನೀವಂದ್ರೆ ನನಗೆ ಇಷ್ಟ. ನಿಮಗೆ ಹೇಗೋ ಗೊತ್ತಿಲ್ಲ."

ಅವಳು ಬಸ್ ನಿಲ್ದಾಣದ ಕಡೆ ನಾಲ್ಕು ಹೆಜ್ಜೆ ನಡೆದು ನಿಂತಳು.

"ಈ ಕಡೆ ಬನ್ನಿ. ಎಡಗಡೆ."

"ಯಾಕೆ?"

"ಬಲಗೈ ನೋಯ್ತಿದೆ... ಎಡಗೈ ಚೆನ್ನಾಗಿದೆ."

ಅವನು ಎಡಕ್ಕೆ ಬಂದ. ಕೈ ಚಾಚಿ, ಅರ್ಧದಲ್ಲೇ ತಡೆದ.

"ಹಿಡ್ಕೊಳ್ಳಲಾ?"

ಆ ವಾರದಲ್ಲಿ ಮೊದಲ ಸಲ ಅವಳಿಗೆ ನಗು ಬಂತು.

"ಹೂಂ... ಹಿಡ್ಕೊಳ್ಳಿ."