ಕಠಿಣ ಅಂತ ಬರೆದವನು

ನಾನು ಜಗಳಗಂಟಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದಿದವರು ಹಾಗೆಂದುಕೊಳ್ಳಬಹುದು. ಅವತ್ತು ಸಂಡೂರಿನ ಕೆಂಚಣ್ಣನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತಾ ತಣ್ಣಗೆ ಕೂತಿದ್ದೆ. ಎದುರು ಬೆಂಚಿನವನು ಟೇಬಲ್ ಮೇಲೆ ಹಾಳೆ ಹರವಿಕೊಂಡು ಏನೋ ಬರೆಯುತ್ತಿದ್ದ. ಬೇರೆಯವರ ಹಾಳೆ ಓದಬಾರದು, ಗೊತ್ತು. ಆದರೆ ಅದರಲ್ಲಿ ನನ್ನ ಗುಡ್ಡದ ಹೆಸರಿತ್ತು.

"ಗಿಣಿಗುಡ್ಡ, ಸಂಡೂರು. ಕಠಿಣ. ಮಕ್ಕಳಿಗೂ ವಯಸ್ಸಾದವರಿಗೂ ತಕ್ಕದ್ದಲ್ಲ."

ಮಿರ್ಚಿ ಗಂಟಲಲ್ಲೇ ನಿಂತಿತು.

"ಏನ್ರಿ ಇದು? ಯಾರು ಬರದದ್ದು?"

ಅವನು ತಲೆ ಎತ್ತಿದ. ಮೊಣಕೈ ತರಚಿತ್ತು. ಅಂಗಿಯ ತೋಳು ಮುಳ್ಳಿಗೆ ಸಿಕ್ಕಿ ಹರಿದಿತ್ತು. ಮೊಣಕಾಲಿನ ತನಕ ನಮ್ಮೂರ ಕೆಂಪು ಮಣ್ಣು.

"ನಾನೇರಿ. ತಿಪ್ಪೇಶ್ ಅಂತ. ಕಂಪ್ಲಿಯವನು."

"ಯಾವ ಕಡಿಂದ ಹತ್ತಿದ್ರಿ?"

"ಆಡು ಕಾಯೋ ಅಜ್ಜನ್ನ ಕೇಳ್ದೆ. ಇಲ್ಲೇ ಐತಿ, ಹಿಂಗ ಹೋಗಿಬಿಡು ಅಂದ."

ಕೆಂಚಣ್ಣ ಬಾಣಲೆಯ ಹಿಂದಿನಿಂದ ನಕ್ಕುಬಿಟ್ಟ. ನನಗೂ ನಗು ತಡೆಯಲಾಗಲಿಲ್ಲ. ನಮ್ಮ ಕಡೆ ಆಡು ಕಾಯುವವರನ್ನು ದಾರಿ ಕೇಳಿದರೆ ಆಡಿನ ದಾರಿಯನ್ನೇ ತೋರಿಸುತ್ತಾರೆ. ಆಡು ಹೋಗುವಲ್ಲಿಗೆ ಮನುಷ್ಯ ಯಾಕೆ ಹೋಗಲಾರ ಅಂತ ಅವರಿಗೆ ನಿಜಕ್ಕೂ ಅರ್ಥವಾಗುವುದಿಲ್ಲ.

"ಮನುಷ್ಯರ ದಾರಿ ಡ್ಯಾಮಿನ ಕಡಿಂದ ಐತಿ. ಆ ಕಠಿಣ ಅನ್ನೋದನ್ನ ಹೊಡದು ಹಾಕಿ ಸುಲಭ ಅಂತ ಬರೀರಿ."

"ಬರಿಯಂಗಿಲ್ರಿ."

"ಯಾಕ?"

"ನಾನು ನಡದು ನೋಡದ ದಾರಿ ನಾನು ಬರಿಯಂಗಿಲ್ಲ. ಯಾರು ಹೇಳಿದ್ರೂ."

ಎಷ್ಟು ಜಂಬ ನೋಡಿ! ಅದೂ ಮೆತ್ತಗೆ, ಚಹಾ ಊದಿಕೊಳ್ಳುತ್ತಾ ಹೇಳಿದ. ನನಗೆ ಮೈಯೆಲ್ಲ ಉರಿಯಿತು. ಹೇಳುವವನ ಕಣ್ಣು ಮಾತ್ರ ಜಂಬದ್ದಲ್ಲ, ಅದು ಇನ್ನೂ ಸಿಟ್ಟು ತರಿಸಿತು.

ಹೊಸಪೇಟೆಯ ಒಂದು ಚಾರಣ ಬಳಗದವರು ನಮ್ಮ ಭಾಗದ ಕೆರೆ, ಗುಡ್ಡಗಳ ನಡಿಗೆ ದಾರಿಗಳನ್ನೆಲ್ಲ ಸೇರಿಸಿ ಪುಸ್ತಕ ತರುತ್ತಿದ್ದರು. ಇವನ ಹಾಳೆ ಅದಕ್ಕೇ. ಹಂಪಿಯ ಮಾತಂಗ ಬೆಟ್ಟ, ಕಮಲಾಪುರದ ಕೆರೆ ಏರಿ, ತುಂಗಭದ್ರೆಯ ಹಿನ್ನೀರಿನ ದಂಡೆ, ಎಲ್ಲ ಅದರಲ್ಲಿದ್ದವು. ಸುಲಭ ಎಂದು ಬರೆದ ದಾರಿಗಳಿಗೆ ಮಾತ್ರ ಶಾಲೆ ಮಕ್ಕಳನ್ನು ಕರೆತರುವುದು ಅಂತ ಅವರು ಮೊದಲೇ ತೀರ್ಮಾನಿಸಿದ್ದರು.

ನಾನು ಆರು ವರ್ಷದಿಂದ ಪ್ರತಿ ಭಾನುವಾರ ಗಿಣಿಗುಡ್ಡಕ್ಕೆ ಜನರನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಸಂಡೂರು ಅಂದರೆ ಸಾಕು, ಹೊರಗಿನವರ ಬಾಯಲ್ಲಿ ಬರುವುದು ಅದಿರು, ಲಾರಿ, ಧೂಳು. "ಅಲ್ಲಿ ನೋಡಾಕ ಏನೈತ್ರಿ?" ಅಂತ ಕೇಳುತ್ತಾರೆ. ಏನೈತಿ ಅಂತ ಮಕ್ಕಳೇ ಬಂದು ನೋಡಲಿ, ಮನೆಗೆ ಹೋಗಿ ಹೇಳಲಿ ಅಂತ ನನಗೆ ಆಸೆ. ಆ ಆಸೆಯನ್ನು ಈ ಕಂಪ್ಲಿಯವನು ಒಂದೇ ಪದದಲ್ಲಿ ಮುಗಿಸಿದ್ದ.

"ಹಂಗಾರ ನಾಳೆ ಮುಂಜಾನಿ ಆರಕ್ಕ ಡ್ಯಾಮಿನ ಹತ್ರ ಬರ್ರಿ," ಅಂದೆ. "ನಮ್ಮ ಸಂಗಮ್ಮತ್ತಿನೂ ಬರ್ತಾಳ, ನಮ್ಮಪ್ಪನ ಅಕ್ಕ. ಅರವತ್ನಾಕು ವಯಸ್ಸು, ಕಾಲಾಗ ಹವಾಯಿ ಚಪ್ಲಿ. ಆಕಿ ನಡುವ ಎಲ್ಲ್ಯಾರ ಕುಂತ್ರ ನಿಮ್ಮ ಹಾಳ್ಯಾಗ ನಾನೇ ಸಹಿ ಹಾಕ್ತೀನಿ."

"ನಿಮ್ಮ ಹೆಸ್ರು?"

"ಗಂಗಾಂಬಿಕಾ."

ಅವನು ಅದನ್ನೂ ಹಾಳೆಯ ಅಂಚಿನಲ್ಲಿ ಬರೆದುಕೊಂಡ. ಯಾಕೆ ಬರೆದುಕೊಂಡ ಅಂತ ಕೇಳಬೇಕಿತ್ತು. ಕೇಳಲಿಲ್ಲ.

ಬೆಳಿಗ್ಗೆ ಆರಕ್ಕೆ ನಾವು ಹೋದಾಗ ಅವನು ಆಗಲೇ ನಾರಿಹಳ್ಳದ ಡ್ಯಾಮಿನ ಕಟ್ಟೆಯ ಮೇಲೆ ಕೂತಿದ್ದ. ಮಳೆಗಾಲ ಮುಗಿದು ತಿಂಗಳಾಗಿತ್ತು. ನೀರು ತುಂಬಿ ನಿಂತಿತ್ತು, ಗುಡ್ಡಗಳು ತಲೆಯಿಂದ ಕಾಲಿನವರೆಗೆ ಹಸಿರುಟ್ಟಿದ್ದವು. ಅವನು ಎದ್ದು ಅತ್ತೆಯ ಕೈಯಿಂದ ಬುತ್ತಿ ಚೀಲ ಇಸಿದುಕೊಂಡ.

"ಬ್ಯಾಡಪ್ಪ, ನಿನಗ ಭಾರ ಆಕ್ಕೈತಿ," ಅಂದಳು ಅತ್ತೆ. "ನಿನ್ನೆ ಬ್ಯಾರೆ ಬಿದ್ದಿಯಂತ."

"ಬಿದ್ದಿಲ್ರಿ ಅಮ್ಮಾ, ಜಾರಿದೆ."

"ಎಲ್ಲಾರೂ ಹಂಗ ಅಂತಾರ," ಅಂದೆ ನಾನು.

ಅವನು ನಕ್ಕ. ನಗುವಾಗ ಎಡಗೆನ್ನೆಯಲ್ಲಿ ಮಾತ್ರ ಸಣ್ಣ ಕುಳಿ ಬೀಳುತ್ತದೆ. ನನಗೆ ಅದನ್ನು ನೋಡುವ ಅಗತ್ಯ ಇರಲಿಲ್ಲ, ಆದರೂ ನೋಡಿದೆ.

ದಾರಿಯುದ್ದಕ್ಕೂ ಅವನು ಮೊಬೈಲಿನಲ್ಲಿ ದೂರ ಅಳೆದ, ಎತ್ತರ ಅಳೆದ. ಅದೆಲ್ಲ ಯಾರಾದರೂ ಮಾಡುತ್ತಾರೆ. ಆದರೆ ಅತ್ತೆ ಒಂದೊಂದು ಜಾಗದ ಹೆಸರು ಹೇಳಿದಾಗ ನಿಂತು ಅದನ್ನು ಬರೆದುಕೊಂಡ, ಸರಿಯಾಗಿ ಬರೆದೆನಾ ಅಂತ ಅವಳಿಗೇ ಓದಿ ಹೇಳಿದ. ಬುತ್ತಿಬಂಡೆ, ಹಕ್ಕಿದೊಣೆ, ಗಾಳಿಬಾಗಿಲು. ಅತ್ತೆಗೆ ಓದು ಬರದು. ತನ್ನ ಬಾಯಿಂದ ಬಂದ ಮಾತು ಹಾಳೆಯ ಮೇಲೆ ಕೂತದ್ದು ಕೇಳಿ ಅವಳು ಸೆರಗು ಸರಿಮಾಡಿಕೊಂಡಳು, ಎರಡು ಹೆಜ್ಜೆ ಜೋರಾಗಿಯೇ ಹಾಕಿದಳು. ನನಗೆ ಅವನ ಮೇಲಿದ್ದ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು.

ನಾನು ತಿರುಗಿ ನೋಡಿದಾಗೆಲ್ಲ ಅವನು ಮೊಬೈಲ್ ನೋಡುತ್ತಿದ್ದ. ಒಮ್ಮೆ ಮಾತ್ರ ತಪ್ಪಿ ಸಿಕ್ಕಿಬಿದ್ದ. ಹೆಜ್ಜೆ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದವನು ಗಡಬಡಿಸಿ ಪಕ್ಕದ ಬಂಡೆಯನ್ನು ಅಳೆಯತೊಡಗಿದ.

"ಬಂಡಿ ಎಷ್ಟೈತ್ರಿ?"

"ಹಾಂ? ಬಂಡೀನಾ... ಬಂಡಿ ಮಸ್ತ್ ಐತ್ರಿ."

ಅತ್ತೆ ಕೆಮ್ಮಿದಳು. ಅವಳಿಗೆ ಕೆಮ್ಮು ಇರಲಿಲ್ಲ.

ಒಂದು ಗಂಟೆಯಲ್ಲಿ ಮೇಲೆ ತಲುಪಿದೆವು. ಯಾರೂ ನಡುವೆ ಕೂರಲಿಲ್ಲ. ಗಿಣಿಗುಡ್ಡದ ತುದಿಯಲ್ಲಿ ನಿಂತರೆ ಎರಡು ಗುಡ್ಡಗಳ ನಡುವೆ ಇಡೀ ನೀರು ಕಾಣುತ್ತದೆ. ಬಿಸಿಲು ಏರಿದಂತೆ ಒಂದು ದಂಡೆಯಿಂದ ಇನ್ನೊಂದಕ್ಕೆ ಬೆಳಕು ದಾಟುತ್ತದೆ. ನಾನು ನೂರಾರು ಸಲ ನೋಡಿದ್ದೇನೆ, ಇನ್ನೂ ಎದೆ ಉಬ್ಬುತ್ತದೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ಮೊಬೈಲ್ ಜೇಬಿಗೆ ಹೋಗಿತ್ತು.

"ನೋಡಾಕ ಏನೈತ್ರಿ ಅಂತಾರ ಮಂದಿ," ಅಂದೆ.

"ಅವ್ರನ್ನ ಇಲ್ಲಿ ತಂದು ನಿಲ್ಲಸ್ಬೇಕ್ರಿ," ಅಂದ. ಆ ಕ್ಷಣಕ್ಕೆ ನನಗೆ ಅವನು ಇಷ್ಟವಾದ. ಸುತ್ತಿ ಬಳಸಿ ಹೇಳುವುದೇನಿದೆ, ಇಷ್ಟವಾದ.

ಇಳಿಯುವಾಗ ಗಾಳಿಬಾಗಿಲಿನ ಹತ್ತಿರ ನನ್ನ ಕಾಲು ತಾನಾಗಿ ನಿಂತಿತು. ಅಲ್ಲಿ ನೂರು ಹೆಜ್ಜೆಯಷ್ಟು ಉದ್ದದ ಹಾಸುಬಂಡೆ ಇದೆ. ಈಗ ಒಣಗಿ ಗಟ್ಟಿಯಾಗಿತ್ತು, ಮಕ್ಕಳು ಓಡಬಹುದು. ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಕಟ್ಟುತ್ತದೆ, ನೀರು ಹರಿಯುತ್ತದೆ. ಎರಡು ವರ್ಷದ ಹಿಂದೆ ನಾನೇ ಒಬ್ಬರನ್ನು ಕೈ ಹಿಡಿದೆಳೆದು ಉಳಿಸಿಕೊಂಡಿದ್ದೆ. ನಾನು ಬಾಯಿ ಬಿಡದಿದ್ದರೆ ಇದು ಅವನಿಗೆ ಗೊತ್ತಾಗುತ್ತಲೇ ಇರಲಿಲ್ಲ. ಅವನ ಪೆನ್ನು ಆಗಲೇ ಹಾಳೆಯ ಮೇಲಿತ್ತು.

ನನ್ನ ಗುಡ್ಡ ನನಗೆ ದೊಡ್ಡದು. ಸುಳ್ಳು ಹೇಳಿ ಗೆಲ್ಲಿಸುವಷ್ಟು ಸಣ್ಣದಲ್ಲ.

"ಜೂನಿಂದ ಸೆಪ್ಟೆಂಬರ್ ತನಕ ಇಲ್ಲಿ ಯಾರೂ ಬರಬಾರ್ದು," ಅಂದೆ. "ಈ ಬಂಡಿ ಜಾರತೈತಿ. ಇದನ್ನ ಬರ್ಕೊಳ್ರಿ. ಇದಕ್ಕಾಗಿ ನೀವು ಕಠಿಣ ಅಂತ ಬರದ್ರೂ ನಾನು ಜಗಳ ಮಾಡಂಗಿಲ್ಲ."

ಅವನು ನನ್ನನ್ನು ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ, ಯಾವ ಬಂಡೆಯನ್ನೂ ಅಳೆಯಲಿಲ್ಲ. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಹಾಳೆಯನ್ನು ನಾಲ್ಕಾಗಿ ಮಡಚಿದ.

"ಗಂಗಾಂಬಿಕಾ ಅವ್ರ, ಈ ಗುಡ್ಡ ನಾನು ಬರಿಯಂಗಿಲ್ರಿ. ಬ್ಯಾರೇರನ್ನ ಕಳಸ್ರಿ ಅಂತ ಬಳಗಕ್ಕ ಹೇಳ್ತೀನಿ."

"ಯಾಕಂತ?"

"ಬರಿಯಾಕ ಆಗಂಗಿಲ್ಲ. ಅಷ್ಟೇ."

"ನಿಜ ಹೇಳಿದ್ದಕ್ಕ ಇದಾ?" ಅಂದೆ. "ನಿಮ್ಮ ಪುಸ್ತಕ ನೀವೇ ಇಟ್ಕೊಂಡು ಪೂಜಿ ಮಾಡ್ರಿ. ನನ್ನ ಗುಡ್ಡ ಅದಕ್ಕೇನೂ ಕಾಯ್ಕೊಂಡು ಕುಂತಿಲ್ಲ!"

ಅತ್ತೆಯನ್ನೂ ಬಿಟ್ಟು ದಡದಡ ಇಳಿದುಬಿಟ್ಟೆ. ಕೆಳಗೆ ಹೋಗಿ ನೀರಿಗೆ ಮುಖ ಮಾಡಿ ನಿಂತು ಅತ್ತುಬಿಟ್ಟೆ. ಇದನ್ನು ನಾನು ಯಾರ ಹತ್ತಿರವೂ ಹೇಳಿಕೊಂಡಿಲ್ಲ.

ಮುಂದಿನ ಭಾನುವಾರ ಹಾಲಸ್ವಾಮಿ ಸರ್ ಬಂದರು. ಹೊಸಪೇಟೆಯ ಚಿತ್ತವಾಡ್ಗಿಯವರು, ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿ ನಿವೃತ್ತರಾದವರು, ಬಳಗಕ್ಕೆ ಹಿರಿಯರು. ಒಂದು ಮೊಣಕಾಲು ನೋವು, ಕೈಯಲ್ಲಿ ಕೋಲು. ಯಾರ ಜೊತೆ ಬಂದಿರಿ ಅಂತ ಕೇಳುವ ಮನಸ್ಸೂ ನನಗಿರಲಿಲ್ಲ. ಸುಮ್ಮನೆ ಹತ್ತಿಸಿದೆ. ಹತ್ತುವಾಗ ಅವರು ಒಂದೇ ಕಡೆ ಕೂತರು, ಅದೂ ನೆಲ್ಲಿಕಾಯಿ ತಿನ್ನುವುದಕ್ಕೆ. ಗಾಳಿಬಾಗಿಲಿನಲ್ಲಿ ಹಾಸುಬಂಡೆಯ ವಿಷಯ ಅವರಿಗೂ ಹೇಳಿದೆ.

"ತಿಪ್ಪೇಶ ಹೇಳಿದ್ದ," ಅಂದರು. "ಅವ್ರು ಮುಚ್ಚಿಡಂಗಿಲ್ಲ ಸರ್, ತಾವೇ ಹೇಳ್ತಾರ, ನೋಡ್ರಿ ಅಂದ."

ನಾನು ತಟ್ಟನೆ ಅವರ ಕಡೆ ತಿರುಗಿದೆ.

"ನಮ್ಮ ಹುಡುಗ ಮೂವತ್ತೊಂದು ದಾರಿ ಬರದಾನವ್ವ. ಅವ್ರಪ್ಪ ಹೇಳಿದ್ರೂ ಒಂದಕ್ಷರ ಬದಲು ಮಾಡಂಗಿಲ್ಲ, ಅಂಥ ಮೊಂಡ. ಇದೊಂದಕ್ಕ ಬಂದು ಕೈ ಕಟ್ಟಿ ನಿಂತ. ಸರ್, ಆ ಗುಡ್ಡದ ಮ್ಯಾಲ ನನ್ನ ಮನಸು ಸಮ ಇಲ್ಲ, ನಾನು ಬರದ್ರ ನ್ಯಾಯ ಆಗಂಗಿಲ್ಲ, ನೀವು ಹೋಗ್ರಿ ಅಂದ." ಅವರು ಕೋಲಿನಿಂದ ಬಂಡೆ ತಟ್ಟಿದರು. "ಗುಡ್ಡದಾಗ ಅಂಥಾದ್ದೇನೈತಿ ನೋಡೋಣು ಅಂತ ಮೊಣಕಾಲು ನೋವಿದ್ರೂ ಬಂದೆ. ಈಗ ಗೊತ್ತಾತು ಬಿಡು."

ನನ್ನ ಕಿವಿ ಬಿಸಿಯಾಯಿತು. ವಾರವಿಡೀ ನಾನು ಬೈದುಕೊಂಡು ತಿರುಗಿದ್ದು ಯಾರನ್ನು!

ಅವರು ಅಲ್ಲಿಯೇ ಕೂತು ಬರೆದರು. ಗಿಣಿಗುಡ್ಡ, ಸುಲಭ. ಅಕ್ಟೋಬರ್‌ನಿಂದ ಮೇ ತನಕ. ಮಳೆಗಾಲದಲ್ಲಿ ಬೇಡ. ಬರೆದು ನನ್ನ ಕೈಗೆ ಕೊಟ್ಟರು. ಮೂರು ಸಲ ಓದಿದೆ. ನನ್ನ ಗುಡ್ಡ ಇದ್ದ ಹಾಗೆ ಆ ಹಾಳೆಯಲ್ಲಿತ್ತು, ಯಾರ ದಯೆಯೂ ಬೆರೆತಿರಲಿಲ್ಲ.

"ಅವ್ರೆಲ್ಲಿ ಅದಾರ್ರಿ ಸರ್?"

"ಕೆಳಗ. ಬೈಕಿನ್ಯಾಗ ನನ್ನ ಕರ್ಕೊಂಡು ಬಂದದ್ದು ಅವ್ನೇ. ಮ್ಯಾಲ ಬಾ ಅಂದ್ರ ಬರಲಿಲ್ಲ."

ಮಾಸ್ತರರನ್ನು ಕೈ ಹಿಡಿದು ನಿಧಾನವಾಗಿ ಇಳಿಸಿದೆ. ಓಡಿ ಹೋಗಬೇಕು ಅನ್ನಿಸಿತ್ತು, ಆದರೆ ಜೊತೆಗೆ ಬಂದವರನ್ನು ಬಿಟ್ಟು ಇಳಿಯುವ ತಪ್ಪನ್ನು ಹಿಂದಿನ ಸಲವೇ ಮಾಡಿದ್ದೆ.

ಅವನು ನೀರಿನ ಹತ್ತಿರ ಬೈಕಿಗೆ ಒರಗಿ ನಿಂತಿದ್ದ. ನನ್ನನ್ನು ಕಂಡು ನೆಟ್ಟಗಾದ.

"ಏನಂತ ಬರದ್ರು?"

"ಸುಲಭ ಅಂತ. ಮಳಿಗಾಲ ಬಿಟ್ಟು."

ಅವನ ಮುಖ ಅರಳಿತು. ತನ್ನದೇ ಗುಡ್ಡ ಗೆದ್ದಂತೆ ಕೈ ಮುಷ್ಟಿ ಕಟ್ಟಿದ.

"ಅವತ್ತೇ ಹೇಳಾಕ ಏನಾಗಿತ್ತು ನಿಮಗ?" ಅಂದೆ. "ಒಂದು ವಾರ ನಿದ್ದಿಲ್ಲ ನನಗ."

"ಹೇಳಿದ್ರ ಏನಾಕ್ಕಿತ್ತು ಗೊತ್ತೇನ್ರಿ? ಹುಡುಗಿ ನೋಡಿ ಬರದಾನ ಅಂತಿದ್ರು ಮಂದಿ. ನಿಮ್ಮ ಆರು ವರ್ಷ ನನ್ನ ಒಂದು ಮಾತಿಗೆ ಹಾಳಾಗಬಾರ್ದು ಅನ್ನಿಸ್ತು. ಹಾಳಿ ಮುಗೀಲಿ, ಆಮ್ಯಾಲ ಹೇಳೋಣು ಅಂತ."

"ಹಾಳಿ ಮುಗೀತಲ್ಲ. ಹೇಳ್ರಿ."

ಅವನು ಟೋಪಿ ತೆಗೆದ. ಅವತ್ತು ಬಂಡೆ ಅಳೆದಾಗಿನ ಗಡಿಬಿಡಿ ಮತ್ತೆ ಬಂತು. ನಾನು ಕಣ್ಣು ತೆಗೆಯಲಿಲ್ಲ, ಸುಲಭಕ್ಕೆ ಬಿಡಲೇ ಇಲ್ಲ.

"ನೀವಂದ್ರ ನನಗ ಭಾಳ ಇಷ್ಟ್ರಿ. ಆ ಹಾಸುಬಂಡಿ ಮ್ಯಾಲ ನಿಂತು ನೀವು ನಿಜ ಹೇಳಿದ್ರಿ ನೋಡ್ರಿ, ಆವಾಗ್ಲೇ ಮುಗೀತು ನಂದು. ನಿಮ್ಮ ಮನ್ಯಾಗ ಬಂದು ಕೇಳಲಾ?"

"ಮನ್ಯಾಗ ಆಮ್ಯಾಲ. ಮೊದಲು ನನ್ನ ಕೇಳ್ರಿ."

"ಕೇಳಾಕತ್ತೀನಲ್ರಿ."

"ಕಂಪ್ಲಿಯಾಗ ಗುಡ್ಡ ಅದಾವೇನು?"

"ಇಲ್ರಿ. ಹೊಳಿ ಐತಿ, ಭತ್ತದ ಗದ್ದಿ ಐತಿ, ನಮ್ಮದೊಂದು ಅಕ್ಕಿ ಮಿಲ್ ಐತಿ. ಎಲ್ಲಾ ಸಪಾಟ."

"ನಾನು ಈ ಗುಡ್ಡ ಬಿಟ್ಟು ಬರಾಕಿ ಅಲ್ಲ. ಪ್ರತಿ ಭಾನುವಾರ ನಾನು ಇಲ್ಲಿರಬೇಕು."

"ಬಿಡ್ರಿ ಅಂತ ಯಾರಂದ್ರು?" ಅಂದ, ನಿಜಕ್ಕೂ ಅಚ್ಚರಿಯಿಂದ. "ನೀವು ಮುಂದ ನಡೀರಿ. ಹಿಂದ ಉಳದವ್ರನ್ನ ನಾನು ಕರ್ಕೊಂಡು ಬರ್ತೀನಿ."

ಇಷ್ಟು ವರ್ಷ ಮುಂದೆ ನಡೆಯುವವಳೂ ನಾನೇ, ಹಿಂದೆ ಉಳಿದವರಿಗಾಗಿ ಓಡಿ ಬರುವವಳೂ ನಾನೇ ಆಗಿದ್ದೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವನು ಒಂದೇ ದಿನ ಜೊತೆಗೆ ನಡೆದು ಕಂಡುಕೊಂಡಿದ್ದ.

"ಹೂಂ," ಅಂದೆ. ನನ್ನ ದನಿ ನನಗೇ ಕೇಳಲಿಲ್ಲ. ಅಷ್ಟು ಸಣ್ಣ ದನಿ ನನ್ನದಲ್ಲ ಅನ್ನಿಸಿ ಇನ್ನೊಮ್ಮೆ, ಎದುರು ದಂಡೆಗೆ ಕೇಳುವ ಹಾಗೆ ಹೇಳಿದೆ. "ಹೂಂ!"

ಅವನು ಕೈ ಚಾಚಿದ. ಡ್ಯಾಮ್ ನೋಡಲು ಬಂದ ಒಂದು ಸಂಸಾರ ನಮ್ಮನ್ನೇ ನೋಡುತ್ತಿತ್ತು. ಹಾಲಸ್ವಾಮಿ ಸರ್ ಕೋಲು ಊರಿಕೊಂಡು ನೀರಿನ ಕಡೆಗೆ ಮುಖ ತಿರುಗಿಸಿ ನಿಂತರು. ನಾನು ಅವನ ಕೈ ಹಿಡಿದೆ, ಎಲ್ಲರ ಎದುರಿಗೆ, ಬಿಡಲೇ ಇಲ್ಲ.