ಮುಖ ನೋಡದೆ ಎಣಿಸಿದ ಜೇನು

"ಹೊರಗ ನಡೀರಿ! ಮೊದಲು ಹೊರಗ ನಡೀರಿ!"

ರುದ್ರಾಣಿ ಕೂಗಿದ ರಭಸಕ್ಕೆ ಬಾಗಿಲಲ್ಲಿದ್ದ ಯುವಕ ಕೈಲಿದ್ದ ಜೇನುಪೆಟ್ಟಿಗೆ ಬೀಳಿಸುವುದೊಂದು ಬಾಕಿ.

"ನಾನೇನ್ರೀ ಮಾಡ್ದೆ?"

"ಬಾಯಾಗ ಏನದ?"

"ಲವಂಗ... ಹಲ್ಲುನೋವು."

ಮೇಜಿನ ಮೇಲಿನ ಪುಟ್ಟ ಕೊಳವೆಗಳಲ್ಲಿ ಕುತ್ತಿಗೆವರೆಗೆ ಸಿಕ್ಕಿಸಿಟ್ಟಿದ್ದ ಮೂವತ್ತು ಜೇನುಹುಳಗಳು ಒಂದೂ ಬಿಡದೆ ನಾಲಿಗೆ ಚಾಚಿದ್ದವು! ಲವಂಗದ ವಾಸನೆ ಬಂದರೆ ಸಕ್ಕರೆನೀರು ಸಿಗುತ್ತದೆ ಎಂದು ಅವಕ್ಕೆ ಕಲಿಸಿದ್ದೇ ಅವಳು. ಈ ಮಹಾರಾಯ ಬಂದು ಪರೀಕ್ಷೆಗೆ ಮುಂಚೆಯೇ ಪ್ರಶ್ನೆಪತ್ರಿಕೆ ಬಯಲು ಮಾಡಿದ್ದ.

ಸಿಟ್ಟಲ್ಲೂ ಅವಳಿಗೆ ನಗು ಬಂತು. ಅವನೂ ನಕ್ಕ. ಅವನ ಹೆಸರು ದುರ್ಗೇಶ, ಹಲಸೂರಿನವನು. ಪ್ರಯೋಗಕ್ಕೆ ಸಹಾಯಕನಾಗಿ ಅಂದೇ ಸೇರಿದ್ದ.

ಇದು ನಡೆದದ್ದು 2001ರಲ್ಲಿ, ಕುಕ್ ಟೌನ್‌ನ ಹಳೇ ಬಂಗಲೆಯೊಂದರಲ್ಲಿದ್ದ ಪುಟ್ಟ ಪ್ರಯೋಗಶಾಲೆಯಲ್ಲಿ. ವಾಸನೆಗೂ ಸಿಹಿಗೂ ಜೇನಿನ ಮಿದುಳಲ್ಲಿ ಗಂಟು ಹಾಕುವುದು ಆಕ್ಟೊಪಮೈನ್ ಎಂಬ ರಾಸಾಯನಿಕ. ದುರ್ಗೇಶ ಒಂದು ತಟ್ಟೆಯ ಹುಳಗಳಿಗೆ ಅದಕ್ಕೆ ಅಡ್ಡಗಾಲು ಹಾಕುವ ಔಷಧಿ ಕೊಡುತ್ತಿದ್ದ, ಇನ್ನೊಂದು ತಟ್ಟೆಗೆ ಬರೀ ಉಪ್ಪುನೀರು. ಆಮೇಲೆ ರುದ್ರಾಣಿಯ ಪಾಠ. ಮರುದಿನ ಎಷ್ಟು ಹುಳಕ್ಕೆ ಪಾಠ ನೆನಪಿದೆ ಎಂದು ಅವಳೇ ಎಣಿಸಬೇಕು. ಯಾವ ತಟ್ಟೆಗೆ ಯಾವುದು ಎಂಬುದು ಮಾತ್ರ ಅವಳಿಗೆ ಗೊತ್ತಾಗಕೂಡದು; ಗೊತ್ತಾದರೆ ಎಣಿಕೆ ತನಗರಿವಿಲ್ಲದೆ ಒಂದು ಕಡೆ ವಾಲುತ್ತದೆ.

ಕೆಲವು ಹುಳಗಳು ನಾಲಿಗೆಯನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದವು. ಹೌದು ಅನ್ನಬೇಕೋ, ಇಲ್ಲ ಅನ್ನಬೇಕೋ? ಆಗೆಲ್ಲ ಅವಳ ಕಣ್ಣು ತಾನಾಗಿ ಎದುರಿಗೆ ಕೂತಿದ್ದ ದುರ್ಗೇಶನ ಕಡೆ ಹೋಗುತ್ತಿತ್ತು. ಯಾಕೆ ಹೋಗುತ್ತಿತ್ತು ಅಂತ ಕೇಳಬೇಡಿ. ನಿಮಗೂ ಗೊತ್ತು, ಅವಳಿಗೂ ಗೊತ್ತಿತ್ತು!

ಒಂಬತ್ತನೇ ದಿನ ಟೀ ಕುಡಿಯುವಾಗ ಅವಳು ಧೈರ್ಯ ಮಾಡಿದಳು.

"ಚಿಕ್ಕಮ್ಮ ವರ ನೋಡ್ಯಾಳ್ರೀ. ಮುಂದಿನ ತಿಂಗಳು ಕಲಬುರಗಿಯಿಂದ ಬರ್ತಾರಂತ..."

ದುರ್ಗೇಶ ಲೋಟ ಕೆಳಗಿಟ್ಟ. "ಹೌದಾ..." ಎಂದ. ಅಷ್ಟೇ.

ಮರುದಿನ ಅವನು ಕೋಣೆಗೆ ಬರಲಿಲ್ಲ. ತಾರಸಿ ಮೇಲಿನ ಗೂಡುಗಳ ಹತ್ತಿರವೇ ಉಳಿದು, ತಟ್ಟೆಗಳನ್ನು ಬೇರೆಯವರ ಕೈಲಿ ಕೆಳಗೆ ಕಳಿಸಿದ. ಮೆಟ್ಟಿಲಲ್ಲಿ ಎದುರಾದರೆ ತಲೆ ತಗ್ಗಿಸಿ ಸರಸರ ಹೋದ. ಪ್ರಯೋಗಶಾಲೆಯ ಪ್ರಿಯದರ್ಶಿನಿ ಮೇಡಂ ಕರೆದು ಹೇಳಿದರು:

"ರುದ್ರಾಣಿ, ಮೊದಲ ಒಂಬತ್ತು ದಿನದ ಎಣಿಕೆ ಬಿಟ್ಟುಬಿಡೋಣ. ದುರ್ಗೇಶನೇ ಕೇಳ್ಕೊಂಡ. ಕಾರಣ ಎಣಿಕೆ ಮುಗಿದ್ಮೇಲೆ ಹೇಳ್ತೀನಿ. ಅಲ್ಲಿವರೆಗೂ ನೀವಿಬ್ರೂ ಮಾತಾಡೋ ಹಾಗಿಲ್ಲ."

ಅವಳು ಎಣಿಕೆಯ ಪುಸ್ತಕ ಮುಚ್ಚಿ ಹೊರಬಂದಳು. 'ನಾ ಸುಳ್ಳು ಎಣಿಸ್ತೀನಿ ಅಂದ್ನಾ? ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ಲೇನು?'

ಮೂರು ವಾರ! ಮರ್ಫಿ ಟೌನ್‌ನ ಚಿಕ್ಕಮ್ಮನ ಮನೆಯಿಂದ ನಡೆದು ಬರುವಾಗ ಪ್ರತಿದಿನ ಅಂದುಕೊಳ್ಳುತ್ತಿದ್ದಳು, ಇವತ್ತು ತಾರಸಿ ಕಡೆ ನೋಡಲ್ಲ ಅಂತ. ಗೇಟು ದಾಟಿದ ಕೂಡಲೇ ನೋಡುತ್ತಿದ್ದಳು. ಲವಂಗದ ಶೀಶೆಯ ಮುಚ್ಚಳ ತೆಗೆದರೆ ಸಾಕು, ಹುಳಗಳಿಗಿಂತ ಮೊದಲು ಅವಳಿಗೇ ಅವನ ನೆನಪು. ಔಷಧಿ ಕುಡಿದ ಹುಳಗಳೇ ಪುಣ್ಯವಂತರು ಅನ್ನಿಸುತ್ತಿತ್ತು.

ಚಿಕ್ಕಮ್ಮ ಸುಭದ್ರಮ್ಮ ಬೇರೆ ಜೀವ ಹಿಂಡುತ್ತಿದ್ದಳು. ಒಂದು ಶುಕ್ರವಾರ ಬೆಳಿಗ್ಗೆ ಕೇಳಿಯೇಬಿಟ್ಟಳು: "ನಾಳೆ ಶನಿವಾರ ಅವರು ಬರ್ತಾರವ್ವಾ. ಹೂಂ ಅಂತೀಯೋ, ಊಹೂಂ ಅಂತೀಯೋ? ಇವತ್ತು ಸಂಜಿಗೆ ಹೇಳಿಬಿಡು."

ಎಣಿಕೆ ಮುಗಿದದ್ದೂ ಆ ಶುಕ್ರವಾರವೇ. ಮೇಡಂ ಅಂಟಿಸಿಟ್ಟಿದ್ದ ಲಕೋಟೆ ಒಡೆದರು. ನೀಲಿ ತಟ್ಟೆಗೆ ಔಷಧಿ, ಹಳದಿಗೆ ಉಪ್ಪುನೀರು. ನೀಲಿ ತಟ್ಟೆಯ ಹುಳಗಳಲ್ಲಿ ಹೆಚ್ಚಿನವು ಪಾಠ ಕಲಿತೇ ಇರಲಿಲ್ಲ. ಅವಳ ಎಣಿಕೆ ಸ್ವಚ್ಛವಾಗಿತ್ತು. ಮೇಡಂ ಖುಷಿಯಾಗಿ ಇನ್ನೊಂದು ಚೀಟಿಯನ್ನೂ ಅವಳ ಕೈಗಿಟ್ಟರು. ದುರ್ಗೇಶನ ಅಕ್ಷರ.

'ಮೇಡಂ, ಎಣಿಸುವವರ ತಪ್ಪಿಲ್ಲ. ಅವರು ನನ್ನ ಕಡೆ ನೋಡಿದಾಗ ನನ್ನ ಮುಖದಲ್ಲಿ ಉತ್ತರ ಕಾಣಿಸಿಬಿಡುತ್ತದೆ. ಅವರ ಮುಂದೆ ನನಗೆ ಏನನ್ನೂ ಮುಚ್ಚಿಡಲು ಆಗುತ್ತಿಲ್ಲ. ದಯವಿಟ್ಟು ನನ್ನನ್ನು ತಾರಸಿಗೆ ಕಳಿಸಿ.'

ರುದ್ರಾಣಿ ಎರಡು ಸಲ ಓದಿದಳು. ಕಣ್ಣು ಮಂಜಾಯಿತು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಓಡಿದಳು.

ಗೂಡಿನ ಮುಚ್ಚಳ ಹಿಡಿದು ನಿಂತಿದ್ದ ದುರ್ಗೇಶ ಅವಳನ್ನು ಕಂಡವನೇ ತಕ್ಷಣ ಬೆನ್ನು ತಿರುಗಿಸಿದ.

"ಎಣಿಕೆ ಮುಗೀತ್ರೀ. ಇನ್ನ ಈ ಕಡೆ ತಿರುಗ್ಬಹುದು."

ಅವನು ತಿರುಗಿದ. ಅಯ್ಯೋ, ಆ ಮುಖ! ಮೂರು ವಾರ ಅದುಮಿಟ್ಟದ್ದೆಲ್ಲ ಅಲ್ಲಿತ್ತು.

"ವರ ಬರ್ತಾನಂದಾಗ ಬರೀ ಹೌದಾ ಅಂದ್ರಲ್ಲ... ಒಂದು ಮಾತು ಹೇಳಬಾರದಿತ್ತೇನ್ರೀ?"

"ಅವತ್ತೇ ಗೊತ್ತಾಯ್ತು, ನಿಮ್ಮ ಎದುರು ಇನ್ನು ಕೂರೋಕಾಗಲ್ಲ ಅಂತ. ಬೇಡಾ ಅನ್ನೋಕೆ ನಾನ್ಯಾರು ಅನ್ನಿಸ್ತು... ನೀವಂದ್ರೆ ನಂಗೆ ಪ್ರಾಣ, ರುದ್ರಾಣಿ. ಮರೀಬೇಕು ಅಂತ ನೋಡ್ದೆ. ಆಗ್ಲಿಲ್ಲ."

"ನನಗೂ ಆಗ್ಲಿಲ್ಲ..."

ದುರ್ಗೇಶ ಕೈಲಿದ್ದ ಮುಚ್ಚಳವನ್ನು ಗೂಡಿನ ಮೇಲಿಟ್ಟು ಅವಳ ಹತ್ತಿರ ಬಂದ.

"ಸಂಜಿಗೆ ಚಿಕ್ಕಮ್ಮಗ ಏನು ಹೇಳ್ಲಿ?"

"ನಾನೇ ಬಂದು ಮಾತಾಡ್ತೀನಿ. ಆದ್ರೆ... ಹೇಗೆ ಶುರು ಮಾಡ್ಬೇಕೋ ಗೊತ್ತಿಲ್ಲ ರೀ."

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ನೀವು ಬಾಯಿ ಬಿಡೋದೇ ಬ್ಯಾಡ. ಬಂದು ನನ್ನ ಪಕ್ಕ ಸುಮ್ಮನ ನಿಂದರ್ರಿ. ನಿಮ್ಮ ಮುಖ ನೋಡಿದ್ರ ಚಿಕ್ಕಮ್ಮಗೂ ಉತ್ತರ ಗೊತ್ತಾಗ್ತದ."