ಓದು ನಿಲ್ಲಿಸಬಾರದ ಮಧ್ಯಾಹ್ನ

"ಆ ಪುಟದಲ್ಲಿ ಅವನು ಚರ್ಚಿಗೆ ಹೋಗೋದೇ ಇಲ್ಲವಲ್ಲ, ಮಿಸ್ ಪೆನ್‌ಫೋಲ್ಡ್."

ಬಾಗಿಲಿಗೆ ಒರಗಿ ನಿಂತು ಮೆಲ್ಲಗೆ ನನಗೆ ಹಾಗೆಂದವರು ಆಂಬ್ರೋಸ್, ನಮ್ಮ ಯಜಮಾನಿ ಥೊರೋಲ್ಡ್ ಅಮ್ಮನವರ ಅಣ್ಣನ ಮಗ. ಈ ಮನೆಗೆ ಬಂದು ಇನ್ನೂ ಒಂದು ದಿನವಾಗಿರಲಿಲ್ಲ. ನನ್ನ ಬೆರಳು ಸಾಲಿನ ಮೇಲೇ ನಿಂತಿತು.

"ಮತ್ತೆ ಎಲ್ಲಿಗೆ ಹೋಗ್ತಾನೆ?"

"ಹೋಟೆಲಿನ ಹುಡುಗಿ ಜೊತೆ ಹುಲ್ಲಿನ ಅಟ್ಟಕ್ಕೆ. ನಾನು ಆ ಪುಸ್ತಕ ಎರಡು ಸಲ ಓದಿದೀನಿ."

ಕುರ್ಚಿಯಲ್ಲಿ ಅಮ್ಮನವರು ಕಣ್ಣು ಬಿಟ್ಟರು. "ಯಾಕೆ ನಿಲ್ಲಿಸಿದೆ, ಡಾರ್ಕಸ್? ನಾನು ಕೇಳ್ತಾನೇ ಇದ್ದೆ."

ಅವರು ಕೇಳುತ್ತಿರಲಿಲ್ಲ. ಎರಡನೇ ಪುಟಕ್ಕೇ ಅವರ ಗದ್ದ ಎದೆಗೆ ತಾಗುತ್ತಿತ್ತು. ಆದರೆ ಓದು ನಿಂತರೆ ಸಾಕು, ಎಚ್ಚರ. ಹಾಗಾಗಿ ಏಳು ವರ್ಷಗಳಿಂದ ದಿನಾ ಮಧ್ಯಾಹ್ನ ಮೂರು ನಾಲ್ಕು ತಾಸು ನಾನು ಮಲಗಿದವರಿಗೆ ಓದುತ್ತಿದ್ದೆ. ಆಗ ಓದುತ್ತಿದ್ದದ್ದು ಒಬ್ಬ ತರಲೆ ಹುಡುಗ ಬೆಳೆದು ಗಂಡಸಾಗುವ, ಆರು ಸಂಪುಟದ ಹಾಸ್ಯ ಕಾದಂಬರಿ. ಇಂಗ್ಲೆಂಡೆಲ್ಲ ಅದನ್ನು ಓದಿ ನಗುತ್ತಿತ್ತು. ಪಾದ್ರಿಗಳು ಓದಿ ಬೈಯುತ್ತಿದ್ದರು. ಅಮ್ಮನವರು ಯಾವ ಸಾಲಿಗೆ ಎದ್ದುಬಿಡುತ್ತಾರೋ ಎಂದು ಹೆದರಿ, ಹುಡುಗ ದಾರಿ ತಪ್ಪಿದಾಗಲೆಲ್ಲ ನಾನೇ ಅವನಿಗೊಂದು ಒಳ್ಳೆಯ ದಾರಿ ಕಟ್ಟಿ ಓದುತ್ತಿದ್ದೆ. ಈ ಕೆಲಸ ಹೋದರೆ ನನಗೆ ಹೋಗಲು ಮನೆಯಿರಲಿಲ್ಲ.

ಮರುದಿನದಿಂದ ಆಂಬ್ರೋಸ್ ಕಿಟಕಿಯ ಬಳಿ ಬಂದು ಕೂರತೊಡಗಿದರು. ನಾನು ಸುಳ್ಳು ಶುರುಮಾಡಿದ ಕ್ಷಣ ಅವರ ಎಡಹುಬ್ಬು ಏರುತ್ತಿತ್ತು. ತಲೆಯೆತ್ತದೆಯೇ ನಾನದನ್ನು ನೋಡುತ್ತಿದ್ದೆ.

"ಇವತ್ತು ಅವನು ಮುದುಕಿಗೆ ಸೌದೆ ಹೊತ್ತುಕೊಟ್ಟ," ಎಂದರು ಒಮ್ಮೆ, ಮೆಟ್ಟಿಲ ಮೇಲೆ. "ಪಾಪ, ಬೆನ್ನು ನೋವು ಬಂದಿರಬೇಕು. ಪುಸ್ತಕದಲ್ಲಿ ಕುಡಿದು ಬಾತುಕೋಳಿ ಕೊಳಕ್ಕೆ ಬಿದ್ದಿದ್ದ."

"ಬೀಳೋದಕ್ಕಿಂತ ಹೊರೋದು ವಾಸಿ."

"ನಾನೂ ಬಿದ್ದವನೇ. ಆಕ್ಸ್‌ಫರ್ಡಿನಲ್ಲಿ, ಎರಡು ಸಲ." ಅವರು ನಗಲಿಲ್ಲ. "ನೀವು ತಿದ್ದಿದ ಹುಡುಗನನ್ನ ಕಂಡರೆ ನನಗೆ ಹೊಟ್ಟೆಕಿಚ್ಚು."

ಆ ಮಾತನ್ನು ಎಷ್ಟು ಸಲ ಬಿಚ್ಚಿ ನೋಡಿ ಮತ್ತೆ ಮಡಚಿಟ್ಟೆನೋ.

ಗುರುವಾರ ನಾಲ್ಕು ಗಂಟೆಯ ಕುದುರೆ ಕೋಚಿಗೆ ಅವರು ಬಾತ್ ಪಟ್ಟಣಕ್ಕೆ ಹೊರಡುವವರಿದ್ದರು. ಅಲ್ಲಿ ಉಣ್ಣೆ ವ್ಯಾಪಾರಿಯೊಬ್ಬರ ಮಗಳನ್ನು ಅಮ್ಮನವರು ಗೊತ್ತುಮಾಡಿದ್ದರು. ಶುಕ್ರವಾರ ಮದುವೆಗೆ ಮಾತು ಕೊಡಬೇಕಿತ್ತು. ಹೋಗಬೇಡಿ ಎನ್ನಲು ನಾನು ಯಾರು? ಮೂವತ್ತೊಂದು ತುಂಬಿದ, ಸಂಬಳಕ್ಕೆ ಓದುವ ಹೆಂಗಸು.

ಗುರುವಾರ ಮೂರಕ್ಕೆ ಅವರು ಪ್ರಯಾಣದ ಕೋಟು ತೊಟ್ಟೇ ಬಂದರು. ನನ್ನ ಗಂಟಲು ಅಷ್ಟರಲ್ಲಿ ಒಡೆದಿತ್ತು. ಸಾಲುಗಳು ಕಣ್ಣಮುಂದೆ ಒಂದರ ಮೇಲೊಂದು ಹತ್ತುತ್ತಿದ್ದವು. ಅವರು ನನ್ನ ಪಕ್ಕದಲ್ಲಿ ಕೂತು, ವಾಕ್ಯದ ನಡುವೆಯೇ ಪುಸ್ತಕ ತೆಗೆದುಕೊಂಡು, ಮುಂದಿನ ಪದದಿಂದ ಓದತೊಡಗಿದರು. ಅಮ್ಮನವರ ಗೊರಕೆ ಕದಲಲಿಲ್ಲ.

ಅವರು ಏನನ್ನೂ ಬಿಡಲಿಲ್ಲ. ಕುಡಿತ, ಕದ್ದ ಮುತ್ತು, ಕತ್ತಲಲ್ಲಿ ತಪ್ಪು ಕೋಣೆಗೆ ನುಗ್ಗಿ ಪಾದ್ರಿಯ ಹಾಸಿಗೆ ಸೇರಿದ್ದು, ಎಲ್ಲವನ್ನೂ ಓದಿದರು. ನಾನು ಕರವಸ್ತ್ರ ಬಾಯಿಗೆ ಒತ್ತಿ ನಕ್ಕೆ. ಈ ಮನೆಗೆ ಬಂದ ಮೇಲೆ ಯಾರೂ ನನಗೆ ಏನನ್ನೂ ಓದಿ ಹೇಳಿರಲಿಲ್ಲ. ಒಂದೇ ಒಂದು ಪುಟ ಕಣ್ಣು ಮುಚ್ಚಿ ಕೇಳೋಣ ಅಂದುಕೊಂಡೆ.

ಎಚ್ಚರವಾದಾಗ ಕಿಟಕಿಯ ಬಿಸಿಲು ಎದುರು ಗೋಡೆಯನ್ನು ಏರಿತ್ತು. ನನ್ನ ಕೆನ್ನೆ ಅವರ ಕೋಟಿನ ತೋಳಿನ ಮೇಲಿತ್ತು. ಅವರು ಇನ್ನೂ ಓದುತ್ತಿದ್ದರು. ದನಿ ಕಟ್ಟಿಹೋಗಿತ್ತು.

"ಗಂಟೆ ಎಷ್ಟು?" ಎಂದು ಪಿಸುಗುಟ್ಟಿದೆ.

ಅವರು ಓದುವ ಧಾಟಿ ಬಿಡದೆ ಹೇಳಿದರು: "ಐದೂವರೆ, ಎಂದನು ಆ ಯುವಕನು. ಕೋಚು ಕಹಳೆ ಊದಿಕೊಂಡು ಹೊರಟುಹೋಗಿತ್ತು."

"ನನ್ನನ್ನ ಎಬ್ಬಿಸಬಾರದಿತ್ತಾ?"

"ಎಬ್ಬಿಸಲು ಅವನಿಗೆ ಮನಸ್ಸು ಬರಲಿಲ್ಲ. ಶನಿವಾರ ಇನ್ನೊಂದು ಕೋಚು ಇತ್ತು. ಅದಕ್ಕೂ ಹೋಗುವ ಇಷ್ಟ ಅವನಿಗಿರಲಿಲ್ಲ. ಅವನು ಆ ಹೆಂಗಸನ್ನು ಪ್ರೀತಿಸುತ್ತಿದ್ದನು. ಆದರೆ ಇರು ಎಂದು ಅವಳ ಬಾಯಿಂದ ಬರಬೇಕಿತ್ತು." ಅವರು ಪುಟ ತಿರುಗಿಸಿದರು.

ಪಿಸುಮಾತಿನಲ್ಲಿ ಹೇಳಬಹುದಿತ್ತು. ಅದೇ ಸುರಕ್ಷಿತ. ಆದರೆ ಮೆಲ್ಲಗೆ, ಜಾಗ್ರತೆಯಾಗಿ ಮಾತಾಡಿ ಮಾತಾಡಿ ನನಗೆ ಸುಸ್ತಾಗಿತ್ತು.

"ಇರಿ," ಎಂದೆ, ನನ್ನ ದನಿ ಇದ್ದಷ್ಟು ಜೋರಾಗಿ.

ಓದು ನಿಂತಿತು. ಅಮ್ಮನವರು ಕಣ್ಣು ಬಿಟ್ಟರು. ನಾನು ಕೆನ್ನೆ ತೆಗೆಯಲಿಲ್ಲ.